ಡೆಲ್ಮರ್ ಕ್ವಾಮ್ ಮನೆಗೆ ನೀರು ಬಿಟ್ಟವನು

ಪಾಸ್ಟರ್ ಅವರಿಗೆ, ಆರ್ವಿಡ್ ಅವರ ಶ್ರೀಮತಿ ಸೋಲ್ವೈಗ್ ಅವರಿಗೆ, ಮಗಳು ಕಾರಿನ್‌ಗೆ, ಈ ನವೆಂಬರ್ ಗಾಳೀಲಿ ಆರ್ವಿಡ್ ಅವರನ್ನ ಬೀಳ್ಕೊಡೋಕೆ ಮನೆ ಬಿಟ್ಟು ಬಂದು ಕೂತಿರೋ ಊರಿನ ಎಲ್ಲರಿಗೂ ಹಾರ್ಲನ್ ಸೇತ್ರೆಯ ನಮಸ್ಕಾರ. ನನ್ನನ್ನ ಗೊತ್ತಿಲ್ಲದವರು ಇಲ್ಲಿ ಯಾರೂ ಇಲ್ಲ ಅಂದ್ಕೊಂಡಿದೀನಿ. ಆದ್ರೂ ಹೇಳ್ತೀನಿ — ಆರ್ವಿಡ್ ಬ್ರೆಕ್ಕೆ ಅವರ ಜೊತೆ ಮೂವತ್ತೊಂದು ವರ್ಷ ಕೆಲಸ ಮಾಡಿದವನು ನಾನು. ನೆಲಮಾಳಿಗೆಗೆ ನೀರು ಬರದ ಹಾಗೆ ನೋಡ್ಕೊಳ್ಳೋದು ನಮ್ಮ ಕೆಲಸ. ವ್ಯಾನಿನ ಮೇಲೆ ಎರಡು ಹೆಸರಿತ್ತು. ಮೊದಲನೇದು ಅವರದ್ದು.

ಅವರು ಇವರು ಅಂತ ಎಷ್ಟು ಹೊತ್ತು ಹೇಳಕ್ಕಾಗುತ್ತೋ ಗೊತ್ತಿಲ್ಲ. ಸೋಲ್ವೈಗ್, ನಡುವೆ ಏಕವಚನ ಬಂದ್ರೆ ಬೇಜಾರು ಮಾಡ್ಕೋಬೇಡಿ. ಅಭ್ಯಾಸ.

ನಾನು ಅನುಮಾನದ ಮನುಷ್ಯ. ಇದು ನಿಮಗೂ ಗೊತ್ತು. ಈಗ ಈ ಚರ್ಚಿನ ಮೆಟ್ಟಿಲು ಇಳಿದು ಈ ಹಾಲಿಗೆ ಬಂದಾಗ ನಾನು ಮೊದಲು ನೋಡಿದ್ದು ಹೂವನ್ನಲ್ಲ, ಫೋಟೋನೂ ಅಲ್ಲ. ಅಗೋ, ಆ ಕಾಫಿ ಪಾತ್ರೆ ಹಿಂದಿನ ಮೂಲೆ. ಅಲ್ಲಿ ಹೊಸದಾಗಿ ಬಣ್ಣ ಬಳಿದಿದಾರೆ. ಒಂದೇ ಮೂಲೆಗೆ ಯಾಕೆ ಬಣ್ಣ ಬಳೀತಾರೆ? ಏನನ್ನೋ ಮುಚ್ಚೋಕೆ. ಪಾಸ್ಟರ್ ನಗ್ತಾ ಇದಾರೆ, ಆದ್ರೆ ಇಲ್ಲ ಅಂತ ಹೇಳ್ತಾ ಇಲ್ಲ, ಗಮನಿಸಿ.

ಎರಡನೇದಾಗಿ ನೋಡಿದ್ದು ನಿಮ್ಮ ಮುಖಗಳನ್ನ. ಈ ಹಾಲು ಇಷ್ಟು ತುಂಬುತ್ತೆ ಅಂತ ನಾನು ಅಂದ್ಕೊಂಡಿರಲಿಲ್ಲ. ಕಳೆದ ಹದಿನಾಲ್ಕು ವರ್ಷದಲ್ಲಿ ಆರ್ವಿಡ್‌ನ ತಮ್ಮ ಮನೆ ಒಳಗೆ ಬಿಟ್ಕೊಂಡವರು ನಿಮ್ಮಲ್ಲಿ ಎಷ್ಟು ಜನ? ಕೈ ಎತ್ತಿ ಅಂತ ಕೇಳಲ್ಲ. ಬದುಕಿದ್ದಾಗ ಬಾಗಿಲು ತೆಗೆಯದವರು ಸತ್ತ ಮೇಲೆ ಹ್ಯಾಮ್ ಬನ್ನು ತಟ್ಟೆಗೆ ಹಾಕ್ಕೊಂಡು ಬಂದು ಕೂತಿದ್ರೆ, ಯಾಕೆ ಬಂದ್ರು ಅಂತ ನನಗೆ ಅನ್ನಿಸಲೇಬೇಕಲ್ಲ. ಬಂದಿದ್ದೀರಿ, ಸಂತೋಷ. ನನ್ನ ಅನುಮಾನ ನನ್ನ ಹತ್ರ ಇರಲಿ.

ಆದ್ರೆ ನಿಮ್ಮ ಅನುಮಾನದ ಬಗ್ಗೆ ನಾನು ಇವತ್ತು ಮಾತಾಡಲೇಬೇಕು. ಎಲ್ಲರಿಗೂ ಗೊತ್ತಿರೋ ವಿಷಯ, ಇವತ್ತು ಇಲ್ಲಿ ಯಾರೂ ಬಾಯಿಬಿಟ್ಟು ಹೇಳದ ವಿಷಯ. ಹದಿನಾಲ್ಕು ವರ್ಷದ ಹಿಂದಿನ ಏಪ್ರಿಲ್ ನೆರೆಯಲ್ಲಿ, ಡೆಲ್ಮರ್ ಕ್ವಾಮ್ ಅವರ ಒಣಗಿದ್ದ ನೆಲಮಾಳಿಗೆಗೆ ಆರ್ವಿಡ್ ಬ್ರೆಕ್ಕೆ ಬೇಕು ಅಂತಲೇ ನೀರು ತುಂಬಿಸಿದ. ಯಾಕೆ ತುಂಬಿಸಿದ? ಕೆಲಸ ಕೊಡಲಿಲ್ಲ ಅನ್ನೋ ಸಿಟ್ಟಿಗೆ. ಹೌದು ತಾನೇ? ನೀವು ಹೇಳ್ಕೊಂಡು ಬಂದಿದ್ದು ಇದನ್ನೇ. ಡೆಲ್ಮರ್ ಹಿಂದಿನ ಸಾಲಲ್ಲಿ, ಅವರ ಶ್ರೀಮತಿ ಆರ್ಡಿಸ್ ಪಕ್ಕ ಕೂತಿದಾರೆ. ಡೆಲ್ಮರ್, ನೀವು ಎದ್ದು ಹೋಗಬೇಡಿ. ನಿಮ್ಮ ಮೇಲೆ ಜಗಳಕ್ಕೆ ನಾನು ನಿಂತಿಲ್ಲ.

ಮೊದಲು ಅವನು ಎಂಥ ಕೆಲಸಗಾರ ಅಂತ ಎರಡು ಮಾತು ಹೇಳಿಬಿಡ್ತೀನಿ. ಯಾಕಂದ್ರೆ ಈ ಊರಿನ ಚಿಕ್ಕವರು ಅವನ ಕೆಲಸ ನೋಡಿಲ್ಲ.

ಅವನನ್ನ ಯಾರಾದ್ರೂ ಮನೆಗೆ ಕರೆದ್ರೆ ಅವನು ಸೀದಾ ನೆಲಮಾಳಿಗೆಗೆ ಇಳೀತಾನೇ ಇರಲಿಲ್ಲ. ಮೊದಲು ಮನೆ ಸುತ್ತ ನಡೀತಿದ್ದ. ಮಳೆ ಬರ್ತಾ ಇದ್ರೆ ಇನ್ನೂ ಖುಷಿ. ಹೀಗೆ — ಕೈ ಹಿಂದೆ ಕಟ್ಕೊಂಡು, ತಲೆ ಮೇಲೆತ್ತಿ ಸೂರು ನೋಡ್ಕೊಂಡು. ಸೂರಿನ ನೀರು ಇಳಿಯೋ ಪೈಪು ಎಲ್ಲಿ ಬಿಡ್ತಾ ಇದೆ, ಗೋಡೆ ಬುಡದ ಮಣ್ಣು ಮನೆ ಕಡೆ ಇಳಿಜಾರೋ, ಬೀದಿ ಕಡೆ ಇಳಿಜಾರೋ, ಅಮ್ಮಾವ್ರು ಗೋಡೆಗೆ ಅಂಟಿಸಿ ಹೂಗಿಡ ಹಾಕಿ ದಿನಾ ನೀರು ಹುಯ್ತಾ ಇದಾರಾ. ಹತ್ತು ಮನೇಲಿ ಎಂಟು ಮನೆಗೆ ಅಲ್ಲೇ ಕಥೆ ಮುಗೀತಿತ್ತು. "ಪೈಪಿಗೆ ಆರಡಿ ತುಂಡು ಸೇರಿಸಿ, ಬುಡಕ್ಕೆ ಎರಡು ಗಾಡಿ ಮಣ್ಣು ಹಾಕಿ" ಅಂತ ಹೇಳಿ ಹೊರಟುಬಿಡೋನು. ನಾನು ವ್ಯಾನಲ್ಲಿ ಕೂತು ತಲೆ ಚಚ್ಚಿಕೊಳ್ತಿದ್ದೆ. "ಮಾರಾಯ, ಒಳಗೆ ಇಳಿದಾದ್ರೂ ನೋಡೋ" ಅಂದ್ರೆ, "ಒಳಗಿನ ಕಲೆ ಸುಳ್ಳು ಹೇಳುತ್ತೆ ಹಾರ್ಲನ್" ಅನ್ನೋನು. ಅದು ನಿಜ. ಉತ್ತರದ ಗೋಡೇಲಿ ಕಲೆ ಇರುತ್ತೆ, ನೀರು ದಕ್ಷಿಣದ ಮೂಲೆಯಿಂದ ಬಂದಿರುತ್ತೆ.

ಒಂದು ಸಲ ಒಬ್ಬ ವಿಧವೆ ಕರೆದ್ರು. ಸೂಟು ಹಾಕಿದ ಯಾರೋ ಬಂದು, ಮನೆ ಸುತ್ತ ಎಂಟಡಿ ಅಗೀಬೇಕು, ಇಲ್ಲಾಂದ್ರೆ ಮನೆ ಕೂತುಬಿಡುತ್ತೆ ಅಂತ ಹೆದರಿಸಿ ಹೋಗಿದ್ದ. ಆರ್ವಿಡ್ ಅವರ ಅಡುಗೆಮನೆಯಿಂದ ಒಂದು ಹಾಳೆ ಬೆಳ್ಳಿ ಕಾಗದ ಇಸ್ಕೊಂಡ, ರೊಟ್ಟಿ ಸುತ್ತೋ ಕಾಗದ. ಒದ್ದೆ ಗೋಡೆ ಮೇಲೆ ಇಟ್ಟು ನಾಲ್ಕೂ ಕಡೆ ಟೇಪು ಹಚ್ಚಿದ. "ಎರಡು ದಿನ ಮುಟ್ಟಬೇಡಿ." ಎರಡು ದಿನ ಬಿಟ್ಟು ಹೋದ್ವಿ. ಹನಿ ಕೂತಿದ್ದು ಕಾಗದದ ಹೊರಗಡೆ, ಗೋಡೆ ಕಡೆ ಒಣಗಿತ್ತು. ಅಂದ್ರೆ ನೀರು ಮಣ್ಣಿಂದ ಬರ್ತಾ ಇಲ್ಲ. ಸೆಕೆಗಾಲದ ಗಾಳಿ ತಣ್ಣಗಿನ ಗೋಡೆಗೆ ತಾಗಿ ಬೆವರ್ತಾ ಇದೆ, ಅಷ್ಟೆ. "ಜುಲೈನಲ್ಲಿ ಕೆಳಗಿನ ಕಿಟಕಿ ಮುಚ್ಚಿಡಿ ಅಮ್ಮ" ಅಂದ. ಆ ಕೆಲಸಕ್ಕೆ ನಮಗೆ ಸಿಕ್ಕಿದ್ದು ತಲಾ ಒಂದು ತುಂಡು ಕೇಕು.

ಇಂಥವನು, ಕೆಲಸ ಕೊಡಲಿಲ್ಲ ಅಂತ ಒಬ್ಬರ ಮನೆ ಮುಳುಗಿಸಿದ ಅಂತ ಊರು ನಂಬಿತು. ಊರು ಅಂತ ಯಾಕೆ ಹೇಳಲಿ — ನಾನೂ ನಂಬಿದೆ. ಮೂವತ್ತೊಂದು ವರ್ಷದಲ್ಲಿ ಹದಿನೇಳು ವರ್ಷ ಅಷ್ಟೊತ್ತಿಗೆ ಆಗಿತ್ತು. ದಿನಾ ಒಂದೇ ಫ್ಲಾಸ್ಕಿನ ಕಾಫಿ ಕುಡಿದವನು ನಾನು, ನಂಬಿದೆ.

ಹೇಗೆ ನಂಬಿದೆ ಅಂತ ಹೇಳ್ತೀನಿ.

ಆ ಏಪ್ರಿಲ್ ನಿಮಗೆ ನೆನಪಿದೆ. ನಮ್ಮ ನದಿ ಉತ್ತರಕ್ಕೆ ಹರಿಯುತ್ತೆ, ದಕ್ಷಿಣದ ಹಿಮ ಕರಗಿ ಬರೋ ಹೊತ್ತಿಗೆ ಮುಂದೆ ಇನ್ನೂ ಐಸು ಕಟ್ಟಿಕೊಂಡಿತ್ತು. ನದಿ ಬೀದಿಯ ಪ್ರತಿ ಮನೆ ಸುತ್ತ ಮರಳು ಚೀಲದ ಗೋಡೆ ಎಬ್ಬಿಸಿದ್ವಿ. ಚೀಲಗಳು ಚೆನ್ನಾಗಿ ನಿಂತವು. ನದಿ ಚೀಲದ ಆಚೆ, ಮನೆ ಚೀಲದ ಈಚೆ. ಆದ್ರೆ ಮಣ್ಣು? ಮಣ್ಣು ಪೂರ್ತಿ ನೆಂದು ಹೋಗಿತ್ತು. ನೆಂದ ಮಣ್ಣು ಎಂಟಡಿ ಎತ್ತರಕ್ಕೆ ಗೋಡೆಗೆ ಒರಗಿಕೊಂಡು ತಳ್ತಾ ಇತ್ತು. ಒಳಗೆ ಗುಂಡೀಲಿ ಪಂಪು ಒಸರಿದ ನೀರನ್ನ ಹಗಲೂ ರಾತ್ರಿ ಎತ್ತಿ ಹೊರಗೆ ಹಾಕ್ತಾ ಇತ್ತು.

ಆಗ ನಮ್ಮ ಊರಲ್ಲಿ ಒಂದು ಚಾಳಿ ಇತ್ತು. ಈಗಲೂ ಇದೆ. ನೆರೆ ಬಂದಾಗ ಒಬ್ಬರಿಗೊಬ್ಬರು ಹೇಗಿದ್ದೀರಿ ಅಂತ ಕೇಳಲ್ಲ. "ಕೆಳಗೆ ಒಣಗಿದೆಯಾ?" ಅಂತ ಕೇಳ್ತೀವಿ. ಒಣಗಿದೆ ಅನ್ನೋನು ಗಂಡಸು. ಒಂದಿಂಚು ಬಂದಿದೆ ಅನ್ನೋನು ಸೋಮಾರಿ. ಡೆಲ್ಮರ್ ಅವರ ನೆಲಮಾಳಿಗೆ ಊರಿಗೇ ಮಾದರಿ. ಮೂರು ಪಂಪು ಇಟ್ಟಿದ್ರು. ಅಕ್ಕಪಕ್ಕದವರನ್ನ ಕರೆದು ಕಾಲುಚೀಲದಲ್ಲಿ ನಡೆಸಿ ತೋರಿಸಿದ್ರು, ಒಣಗಿದ ನೆಲ. ನಾನೂ ನಡೆದು ಬಂದೆ. ನನ್ನ ಮನೇಲೂ ಅಷ್ಟೇ, ಮೂರು ಪಂಪು. ನಾನು ಈ ಕೆಲಸದವನು, ನನ್ನ ಮನೇಲಿ ಒದ್ದೆ ಆದ್ರೆ ಮುಖ ಎಲ್ಲಿಟ್ಕೊಳ್ಳಲಿ?

ನೆರೆಗೆ ಎರಡು ವಾರ ಮೊದಲೇ ಆರ್ವಿಡ್ ಡೆಲ್ಮರ್‌ಗೆ ಹೇಳಿದ್ದ: "ನದಿ ಕಡೆ ಗೋಡೇಲಿ ಅಡ್ಡಡ್ಡ ಬಿರುಕು ಇದೆ, ಒಳಗಿಂದ ಕಬ್ಬಿಣದ ತೊಲೆ ಆಸರೆ ಕೊಡಬೇಕು." ಡೆಲ್ಮರ್, ನೀವು ಏನಂದ್ರಿ? "ನೆರೆ ಬಂತು ಅಂದ್ರೆ ನಿಮ್ಮಂಥೋರಿಗೆ ಹಬ್ಬ." ಅಂದ್ರಿ ತಾನೇ? ತಪ್ಪಿಲ್ಲ. ಸೂಟು ಹಾಕ್ಕೊಂಡು ಬರೋರನ್ನ ನೋಡಿ ನೋಡಿ ಎಲ್ಲರಿಗೂ ಹಾಗನ್ನಿಸುತ್ತೆ.

ಗುರುವಾರ, ಹನ್ನೊಂದು ಗಂಟೆ ಹೊತ್ತು. ಡೆಲ್ಮರ್, ಆರ್ಡಿಸ್ ಇಬ್ಬರೂ ಇದೇ ಹಾಲಲ್ಲಿ, ಚೀಲ ತುಂಬೋರಿಗೆ ಊಟ ಮಾಡಿ ಬಡಿಸೋಕೆ ಬಂದಿದ್ರು. ಆರ್ವಿಡ್ ಒಬ್ಬನೇ ಅವರ ಮನೆಗೆ ಹೋದ. ಬಾಗಿಲಿಗೆ ಬೀಗ ಹಾಕೋ ಪದ್ಧತಿ ಇಲ್ಲಿ ಯಾರಿಗಿದೆ? ಒಂದು ಗಂಟೆಗೆ ಅವರು ಮನೆಗೆ ವಾಪಸ್ ಬಂದಾಗ — ಮೂರೂ ಪಂಪು ನಿಂತಿವೆ. ಅಡುಗೆಮನೆ ನಲ್ಲಿಗೆ ಒಂದು ರಬ್ಬರು ಪೈಪು, ಬಟ್ಟೆ ಒಗೆಯೋ ನಲ್ಲಿಗೆ ಇನ್ನೊಂದು, ಎರಡೂ ಮೆಟ್ಟಿಲು ಇಳಿದು ಕೆಳಗೆ ಹೋಗಿವೆ. ಆರ್ವಿಡ್ ಮೆಟ್ಟಿಲ ಮೇಲೆ ಕೂತು ನೀರು ಏರೋದು ನೋಡ್ತಾ ಇದಾನೆ. ಡೆಲ್ಮರ್ ಅವರ ಅಜ್ಜಿ ನಾರ್ವೆಯಿಂದ ಹಡಗಲ್ಲಿ ತಂದ ಪೆಟ್ಟಿಗೆ, ಹೂವಿನ ಚಿತ್ತಾರದ ಪೆಟ್ಟಿಗೆ, ತೇಲ್ತಾ ಇದೆ. ಅದನ್ನ ಒಬ್ಬನೇ ಎತ್ತೋಕೆ ಅವನ ಕೈಲಿ ಆಗಿರಲಿಲ್ಲ. ಆರ್ಡಿಸ್ ಅವರ ಉಪ್ಪಿನಕಾಯಿ ಬಾಟಲಿಗಳನ್ನ ಮಾತ್ರ ಒಂದೊಂದಾಗಿ ಮೇಲೆ ತಂದು ಮೇಜಿನ ಮೇಲೆ ಜೋಡಿಸಿದ್ದ. ಜನ ಅದನ್ನೂ ಬಿಡಲಿಲ್ಲ. "ನೋಡಿ, ಎಷ್ಟು ಸಾವಧಾನವಾಗಿ ಮಾಡಿದಾನೆ" ಅಂದ್ರು.

ಡೆಲ್ಮರ್ ಕೂಗಾಡಿದ್ದು ನದಿ ಆಚೆ ದಡಕ್ಕೂ ಕೇಳ್ತು. ಆರ್ವಿಡ್ ಹೇಳಿದ್ದು ಇಷ್ಟೇ: "ಗೋಡೆ ಒಳಗೆ ಬಾಗ್ತಾ ಇತ್ತು. ಒಳಗೂ ನೀರಿದ್ರೆ ನಿಲ್ಲುತ್ತೆ." ಯಾರಿಗೂ ಅರ್ಥ ಆಗಲಿಲ್ಲ. ನೀರು ಹೊರಗಿಡೋನು ನೀರು ಒಳಗೆ ಬಿಡ್ತಾನಾ? ಹೊರಗಿನ ನೀರು ಒಳಕ್ಕೆ ತಳ್ಳುತ್ತೆ, ಒಳಗಿನ ನೀರು ಹೊರಕ್ಕೆ ತಳ್ಳುತ್ತೆ, ನಡುವೆ ಗೋಡೆ ನೆಟ್ಟಗೆ ನಿಲ್ಲುತ್ತೆ ಅಂತ ಎರಡನೇ ಸಲ ಬಿಡಿಸಿ ಹೇಳಬೇಕಿತ್ತು. ಹೇಳಲಿಲ್ಲ. ಅವನು ಯಾವುದನ್ನೂ ಎರಡು ಸಲ ಹೇಳಿದವನಲ್ಲ, ಸೋಲ್ವೈಗ್‌ಗೆ ಗೊತ್ತು.

ಸಂಜೆ ನಾನು ಹೋದಾಗ, ಮಣ್ಣಿಂದ ಒಸರಿದ್ದೂ ಸೇರಿ ನಾಲ್ಕಡಿ ನೀರು, ಪಂಪು ಮುಳುಗಿ ಕೆಟ್ಟಿದ್ವು. ಬಿರುಕು ನೀರಿನ ಕೆಳಗೆ. ಕಾಣಲ್ಲ. ಮೇಲಿನ ತೊಲೆ ಮೇಲೆ ಅವನ ಪೆನ್ಸಿಲಿನ ಬರಹ ಇತ್ತು. ಗೋಡೆ ಎಷ್ಟು ಬಾಗಿದೆ ಅಂತ ದಾರ ಕಟ್ಟಿ ಅಳೆದು ಬರೆಯೋದು ಅವನ ಪದ್ಧತಿ. ಹನ್ನೊಂದಕ್ಕೆ ಒಂದಿಂಚು. ಹನ್ನೊಂದೂವರೆಗೆ ಒಂದೂವರೆ. ಹನ್ನೆರಡಕ್ಕೆ ಎರಡು. ಅದರ ಕೆಳಗೆ, "ನೀರು ಬಿಟ್ಟೆ." ಬೇರೆ ಯಾರೂ ಅದನ್ನ ನೋಡಲಿಲ್ಲ, ನೋಡಿದ್ರೂ ಅರ್ಥ ಆಗ್ತಿರಲಿಲ್ಲ. ನಾನು ನೋಡಿದೆ. ನನಗೆ ಅರ್ಥ ಆಯ್ತು. ಆಗ ನನ್ನ ತಲೆಗೆ ಏನು ಬಂತು ಗೊತ್ತಾ? ಇದನ್ನ ಆಮೇಲೆ ಕೂತು ಬರೆದಿದ್ರೆ?

ಅಂಥವನು ನಾನು.

ಮಾರನೇ ದಿನ, ಶುಕ್ರವಾರ ಬೆಳಗ್ಗೆ, ಅವನು ನನ್ನ ಮನೆಗೆ ಬಂದ. ನನ್ನ ಹೆಂಡತಿ ಅವಳ ಅಕ್ಕನ ಮನೇಲಿದ್ಲು, ನಾನೊಬ್ಬನೇ. ಅವನು ಕೆಳಗಿಳಿದು ನದಿ ಕಡೆ ಗೋಡೆಗೆ ಅಂಗೈ ಇಟ್ಟ. ಹೀಗೆ. ಜ್ವರ ನೋಡೋ ಹಾಗೆ.

"ಹಾರ್ಲನ್, ಪಂಪು ನಿಲ್ಸು. ನೀರು ಬಿಡು."

"ನನ್ನದು ಗಟ್ಟಿ ಗೋಡೆ."

"ಡೆಲ್ಮರೂ ತಮ್ಮದು ಗಟ್ಟಿ ಅಂತಲೇ ಅಂದ್ಕೊಂಡಿದ್ರು. ನಾನೂ ಕೈ ಹಾಕ್ತೀನಿ, ಸಾಮಾನು ಮೇಲೆ ಸಾಗಿಸೋಣ."

"ಯೋಚನೆ ಮಾಡ್ತೀನಿ" ಅಂದೆ.

ಅವನು ಹೋದ ಮೇಲೆ ಯೋಚನೆ ಮಾಡಿದೆ, ಅದು ನಿಜ. ಏನಂತ ಯೋಚಿಸಿದೆ ಅಂದ್ರೆ — ಊರೆಲ್ಲ ಇವನ ಮೇಲೆ ಬಿದ್ದಿದೆ. ಒಂದು ಮನೆ ಮುಳುಗಿಸಿದ್ರೆ ದ್ವೇಷ, ಎರಡು ಮನೆ ಮುಳುಗಿಸಿದ್ರೆ ವಿದ್ಯೆ. ಪಾಲುದಾರನೇ ತನ್ನ ಮನೆಗೆ ನೀರು ಬಿಟ್ಕೊಂಡ ಅಂದ್ರೆ ಇವನ ಮಾನ ಉಳಿಯುತ್ತೆ. ನನ್ನ ಮನೆ ಮುಳುಗಿಸಿ ತನ್ನ ಹೆಸರು ಒಣಗಿಸ್ಕೊಳ್ಳೋಕೆ ನೋಡ್ತಾ ಇದಾನೆ. ಇದು ನನ್ನ ಯೋಚನೆ. ಇದೇ ಕೈಲಿ ರಬ್ಬರು ಪೈಪು ಹಿಡ್ಕೊಂಡು ಅಡುಗೆಮನೇಲಿ ನಿಂತಿದ್ದೆ. ನಲ್ಲಿಗೆ ಸಿಕ್ಕಿಸಲಿಲ್ಲ. ಸುರುಳಿ ಸುತ್ತಿ ಮೊಳೆಗೆ ತೂಗುಹಾಕಿದೆ.

ಶನಿವಾರ ಬೆಳಗ್ಗೆ ಹತ್ತಕ್ಕೆ ಅವನು ಚೀಲದ ಗೋಡೆ ಮೇಲೆ ನಡ್ಕೊಂಡು ಹೋಗೋವಾಗ ನನ್ನ ಮನೆ ಕಡೆ ನೋಡಿದ. ಚೀಲಗಳು ನೆಟ್ಟಗಿದ್ವು. ಮೂರೂ ಪಂಪಿನ ಪೈಪು ಹೊರಗೆ ನೀರು ಉಗುಳ್ತಾ ಇದ್ವು. ನಾನು ಕಿಟಕಿಯಿಂದ ಕೈ ಬೀಸಿದೆ. ಒಣಗಿದೆ ಅನ್ನೋ ಹಾಗೆ. ಅವನು ಬೀಸಲಿಲ್ಲ.

ಹತ್ತೂವರೆ ಆಗಿತ್ತೋ ಏನೋ. ಕೆಳಗೆ ಪಂಪು ನೋಡಿ, ಕಾಫಿ ತಗೊಳ್ಳೋಣ ಅಂತ ಮೇಲೆ ಬಂದೆ. ಒಂದು ಶಬ್ದ ಆಯ್ತು. ದೊಡ್ಡ ಶಬ್ದವೇನಲ್ಲ. ಯಾರೋ ಕಪಾಟು ತಳ್ಳಿದ ಹಾಗೆ. ಗೋಡೆ ಪೂರ್ತಿ ಒಳಗೆ ಮಲಗಿತು. ಅದರ ಹಿಂದೆ ಮಣ್ಣು ಜಾರಿತು, ಮಣ್ಣಿನ ಮೇಲಿದ್ದ ಚೀಲಗಳು ಜಾರಿದವು, ಆಮೇಲೆ — ಆಮೇಲೆ ನದಿ ಬಂತು. ಮನೆಯ ಆ ಅರ್ಧ ಕೂತುಹೋಯ್ತು.

ನೀವೆಲ್ಲ ಓಡಿ ಬಂದಾಗ ಕಂಡಿದ್ದು ಒಡೆದ ಚೀಲ, ಒಳಗೆ ನುಗ್ಗಿದ ನದಿ. "ಪಾಪ, ಹಾರ್ಲನ್ ಮನೆ ನದಿ ತಗೊಂಡ್ತು" ಅಂದ್ರಿ. ನಾನು ಹೌದು ಅಂದೆ. ಹದಿನಾಲ್ಕು ವರ್ಷದಿಂದ ಹೌದು ಅಂತಲೇ ಇದೀನಿ. ನೀವು ತಂದುಕೊಟ್ಟ ಊಟ ಉಂಡೆ. ನಿಮ್ಮ ಹಾಸಿಗೆಗಳ ಮೇಲೆ ಮಲಗಿದೆ. ಇವತ್ತು ಹೇಳ್ತೀನಿ ಕೇಳಿ. ನನ್ನ ಮನೇನ ನದಿ ತಗೊಳ್ಳಲಿಲ್ಲ. ಒಳಗೆಲ್ಲ ಒಣಗಿಸಿಟ್ಟ ನನ್ನ ಮೂರು ಪಂಪು ತಗೊಂಡ್ವು. ನನ್ನ ಅನುಮಾನ ತಗೊಂಡ್ತು.

ಅದು ಒಬ್ಬನಿಗೆ ಗೊತ್ತಿತ್ತು. ಹತ್ತು ಗಂಟೆಗೆ ಚೀಲ ನೆಟ್ಟಗಿದ್ದಿದ್ದನ್ನ, ಪಂಪು ಓಡ್ತಾ ಇದ್ದಿದ್ದನ್ನ ನೋಡಿದವನಿಗೆ. ಅವನು ಬಂದು ನನ್ನ ಪಕ್ಕ ನಿಂತ. ನಾನು ಬೈಗುಳಕ್ಕೆ ಕಾಯ್ತಾ ಇದ್ದೆ. ಅವನು ಕೇಳಿದ್ದು, "ನೀನು ಮೆಟ್ಟಿಲ ಮೇಲೆ ಇರಲಿಲ್ಲ ತಾನೇ?"

"ಇಲ್ಲ."

"ಸರಿ."



ಜೂನ್‌ನಲ್ಲಿ ಡೆಲ್ಮರ್ ದೂರು ಕೊಟ್ರು, ಊರಿನ ಸಭೆ ಕೂತಿತು. ಅವರ ಗೋಡೆ ನಿಂತಿತ್ತು, ಆದ್ರೆ ಬಿರುಕಿತ್ತು. ಹೊರಗಿಂದ ಬಂದ ಕೆಲಸದವರು "ತುಂಬಿಸಿದ ನೀರಿಂದಲೇ ಬಿರುಕು ಬಿಟ್ಟಿದ್ದು" ಅಂದುಬಿಟ್ಟಿದ್ರು. ಅಧ್ಯಕ್ಷರು ನನ್ನ ಕೇಳಿದ್ರು, "ಸೇತ್ರೆ, ನೀವು ಈ ಕೆಲಸ ಬಲ್ಲವರು. ನೀವಾಗಿದ್ರೆ ಹೀಗೆ ಮಾಡ್ತಿದ್ರಾ?" ಆ ತೊಲೆ ಮೇಲಿನ ಬರಹ ನನ್ನ ಕಣ್ಣ ಮುಂದೆ ಇತ್ತು. ಅವನು ಮಾಡಿದ್ದು ಸರಿ ಅಂದ್ರೆ, ಮುಂದಿನ ಪ್ರಶ್ನೆ ಬರುತ್ತಲ್ಲ — ಹಾಗಾದ್ರೆ ನಿಮ್ಮ ಮನೇಲಿ ಯಾಕೆ ಮಾಡಲಿಲ್ಲ?

"ಹೇಳಕ್ಕಾಗಲ್ಲ" ಅಂದೆ.

ಅವನು ಕೊನೇ ಸಾಲಲ್ಲಿ ಟೋಪಿ ತೊಡೆ ಮೇಲೆ ಇಟ್ಕೊಂಡು ಕೂತಿದ್ದ. ಎದ್ದು ಒಂದೇ ಒಂದು ಮಾತು ಹೇಳಿದ್ರೆ ಸಾಕಿತ್ತು, ಹಾರ್ಲನ್ ಮನೆ ಹೇಗೆ ಬಿತ್ತು ಅಂತ. ಅವನ ಹೆಸರು ಉಳೀತಿತ್ತು. ಏಳಲಿಲ್ಲ. ಅವತ್ತಿಂದ ಈ ಊರಲ್ಲಿ ಯಾರೂ ಅವನನ್ನ ಕರೀಲಿಲ್ಲ. ಸುತ್ತಲಿನ ಊರುಗಳಿಗೆ ವ್ಯಾನು ಓಡಿಸ್ಕೊಂಡು ಹೋಗಿ ದುಡಿದ್ವಿ. ಈ ವರ್ಷ ಮಂಡಿ ಸೋಲೋವರೆಗೂ ಅವನು ದಿನಾ ಆರೂವರೆಗೆ ನನ್ನ ಬಾಡಿಗೆ ಮನೆ ಮುಂದೆ ಹಾರನ್ ಹೊಡೀತಿದ್ದ. ವ್ಯಾನಿನ ಮೇಲೆ ಅವನ ಹೆಸರಿನ ಕೆಳಗೆ ನನ್ನ ಹೆಸರು ಹಾಗೇ ಇತ್ತು.

ನಾನು ಏನು ಮಾಡ್ತಿದ್ದೆ ಗೊತ್ತಾ? ಅವನ ಮೇಲೆ ಇನ್ನೂ ಅನುಮಾನ ಪಡ್ತಿದ್ದೆ. ಯಾರಿಗೋ ಹೇಳಿರಬೇಕು, ಕನಿಷ್ಠ ಹೆಂಡತಿಗೆ ಹೇಳಿರಬೇಕು ಅಂತ. ಸೋಲ್ವೈಗ್, ಪ್ರತಿ ಕ್ರಿಸ್‌ಮಸ್‌ಗೆ ನೀವು ನನ್ನ ತಟ್ಟೆಗೆ ಆಲೂಗಡ್ಡೆ ರೊಟ್ಟಿ ಹಾಕೋವಾಗ ನಾನು ರೊಟ್ಟಿ ನೋಡ್ತಿರಲಿಲ್ಲ, ನಿಮ್ಮ ಮುಖ ನೋಡ್ತಿದ್ದೆ. ಗೊತ್ತಿದೆಯಾ, ಇಲ್ವಾ ಅಂತ. ಮೊನ್ನೆ ಮಂಗಳವಾರ ಸೋಲ್ವೈಗ್ ನನ್ನನ್ನ ಇಲ್ಲಿ ಮಾತಾಡೋಕೆ ಕೇಳಿಕೊಳ್ಳೋಕೆ ಬಂದಾಗ ತಡ್ಕೊಳ್ಳೋಕೆ ಆಗಲಿಲ್ಲ, ಕೇಳೇಬಿಟ್ಟೆ. "ನನ್ನ ಮನೆ ಬಿದ್ದಿದ್ದರ ಬಗ್ಗೆ ಆರ್ವಿಡ್ ನಿಮಗೆ ಏನು ಹೇಳಿದ್ದ?"

ಇವರು ಹೇಳಿದ್ರು: "ನದಿ ತಗೊಂಡ್ತು ಅಂದ್ರು. ಪಾಪ, ಹಾರ್ಲನ್ ಏನೂ ಮಾಡೋ ಹಾಗಿರಲಿಲ್ಲ ಅಂದ್ರು."



ಆರ್ವಿಡ್ ಸತ್ತ ಮೇಲೆ ಈ ಹಾರ್ಲನ್ ಹೇಳ್ತಾ ಇದಾನೆ, ಇದರಲ್ಲಿ ಏನೋ ಇದೆ ಅಂತ ನಿಮಗೆ ಅನ್ನಿಸಬಹುದು. ಅನ್ನಿಸಲಿ. ನಿಮ್ಮ ಜಾಗದಲ್ಲಿದ್ರೆ ನನಗೂ ಅದೇ ಅನ್ನಿಸ್ತಿತ್ತು. ಡೆಲ್ಮರ್, ಮನೆಗೆ ಹೋದ ಮೇಲೆ ಟಾರ್ಚ್ ತಗೊಂಡು ಕೆಳಗಿಳಿದು ನದಿ ಕಡೆಯ ಮೂರನೇ ತೊಲೆ ನೋಡಿ. ಪೆನ್ಸಿಲು ಅಳಿಸಿರಲ್ಲ. ಆಮೇಲೆ ನನ್ನ ಖಾಲಿ ಸೈಟಿಗೆ ಬನ್ನಿ, ನಾನು ಅಲ್ಲಿ ಕಾಯ್ತಾ ಇರ್ತೀನಿ. ಏನು ಅನ್ನಬೇಕೋ ನನಗೇ ಅನ್ನಿ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಂತ್ಕೊಳ್ಳಿ. ಕಾಫಿ ಲೋಟ ಕೆಳಗಿಡಿ. ಅವನು ನನಗೋಸ್ಕರ ಹದಿನಾಲ್ಕು ವರ್ಷ ಸುಮ್ಮನಿದ್ದ. ಅವನಿಗೋಸ್ಕರ ನಾವು ಒಂದು ನಿಮಿಷ ಸುಮ್ಮನಿರೋಣ.